ಎಣಿಸದ ತಟ್ಟೆ

ರುದ್ರಮ್ಮ ಹದಿಮೂರು ವರ್ಷ ಒಂದೇ ಬಾಗಿಲಿನಿಂದ ಕೆಲಸಕ್ಕೆ ಹೋದವಳು. ಅದು ಮಾರ್ಸ್ಟನ್ ಶಾಲೆಯ ಹಿಂಬಾಗಿಲು. ಹಸಿರು ಬಣ್ಣ, ಕೆಳಗಿನ ಮೂಲೆಗೆ ತುಕ್ಕು. ಚಳಿಗಾಲದಲ್ಲಿ ಹೆಗಲು ಕೊಟ್ಟು ನೂಕಬೇಕು, ಬೇಸಿಗೆಯಲ್ಲಿ ಒಂದು ಬೆರಳು ಸಾಕು. ಬೆಳಿಗ್ಗೆ ಆರೂ ಮುಕ್ಕಾಲಕ್ಕೆ ಆಕೆ ಅಲ್ಲಿರುತ್ತಿದ್ದಳು. ಮನೆ ನಾಲ್ಕು ಬೀದಿ ಆಚೆ, ಸೆವೆನ್ ಮೈಲ್ ರಸ್ತೆಯ ಹತ್ತಿರ, ಡೆಟ್ರಾಯಿಟ್ ಊರೊಳಗೇ. ಕಾರು ಕಲಿತವಳಲ್ಲ, ನಡೆದೇ ಬರುವಳು. ಶಾಲೆಯ ಅಡುಗೆಮನೆಯಲ್ಲಿ ಆಕೆಯದು ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುವ ಕೆಲಸ.

ಗಂಡ ಮಲ್ಲಪ್ಪ ಹರಿಹರದ ಕಾರ್ಖಾನೆಯಲ್ಲಿ ಲೇತ್ ಕಲಿತವನು. ಎಂಬತ್ತನಾಲ್ಕರಲ್ಲಿ ಅಕ್ಕನ ಗಂಡ ಅಮೆರಿಕಕ್ಕೆ ಕರೆಸಿಕೊಂಡ ಮೇಲೆ ಸ್ಟರ್ಲಿಂಗ್ ಹೈಟ್ಸಿನಲ್ಲಿ ಕಾರಿನ ಭಾಗಗಳಿಗೆ ಅಚ್ಚು ತಯಾರಿಸುವ ವರ್ಕ್‌ಶಾಪಿನಲ್ಲಿ ಹತ್ತೊಂಬತ್ತು ವರ್ಷ ದುಡಿದ. ಕನ್ನಡದವರೆಲ್ಲ ಊರ ಹೊರಗಿನ ಟ್ರಾಯ್ ಕಡೆ ಮನೆ ಮಾಡಿದರೆ ಅವನು ಡೆಟ್ರಾಯಿಟ್ಟಿನೊಳಗೆ ಒಂದು ಇಟ್ಟಿಗೆ ಮನೆ ಕೊಂಡ. "ಇಟ್ಟಂಗಿ ಗಟ್ಟಿ ಅದಾವು, ಸಾಕು" ಎಂದ. ಆರು ವರ್ಷದ ಹಿಂದೆ ತೀರಿಕೊಂಡ. ಇಟ್ಟಿಗೆ ಹಾಗೇ ಇದ್ದವು.

ರುದ್ರಮ್ಮನ ಓದು ರಾಣೆಬೆನ್ನೂರಿನಲ್ಲಿ ಎರಡನೆಯ ಇಯತ್ತೆಗೆ ನಿಂತಿತ್ತು. ಕನ್ನಡ ಅಕ್ಷರ ಕೂಡಿಸಿ ಕೂಡಿಸಿ ಓದುವಳು. ಇಂಗ್ಲಿಷ್ ಕಿವಿಗೆ ಬರುತ್ತಿತ್ತು, ಕಣ್ಣಿಗೆ ಬರುತ್ತಿರಲಿಲ್ಲ. ಆದರೆ ಎಣಿಕೆಯಲ್ಲಿ ಆಕೆಯನ್ನು ಯಾರೂ ತಪ್ಪು ಹಿಡಿದದ್ದಿಲ್ಲ. ತಟ್ಟೆಗೊಂದು ಗೀಟು. ನಾಲ್ಕು ನಿಂತ ಗೀಟು, ಐದನೆಯದು ಅಡ್ಡ. ಪ್ರತಿ ಕೋಣೆಯ ಟೀಚರು ಬೆಳಿಗ್ಗೆ ಎಷ್ಟು ಮಕ್ಕಳು ಬಂದಿಲ್ಲ ಎಂದು ಹೇಳಿ ಕಳಿಸಿದರೆ, ಬಾರದ ಮಗುವಿಗೆ ಒಂದು ಸೊನ್ನೆ. ಆ ಶಾಲೆಯಲ್ಲಿ ಮನೆಯಿಂದ ಡಬ್ಬಿ ತರುವವರು ಒಬ್ಬರೂ ಇರಲಿಲ್ಲ, ಎಲ್ಲರಿಗೂ ಊಟ ಶಾಲೆಯದೇ. ಹಾಗಾಗಿ ಗೀಟು, ಸೊನ್ನೆ ಎರಡೂ ಕೂಡಿಸಿದರೆ ಶಾಲೆಯ ಮಕ್ಕಳೆಷ್ಟೋ ಅಷ್ಟು. ಹಾಲಿನ ಪೆಟ್ಟಿಗೆಯ ರಟ್ಟಿನ ಮೇಲೆ ಗೀಟು ಹಾಕಿ, ಒಟ್ಟು ಮೊತ್ತವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮನೆಯೊಳಗೆ ಕನ್ನಡ ಅಂಕಿಯಲ್ಲಿ ಬರೆಯುವಳು. ಟ್ರಾಯ್ ದೇವಸ್ಥಾನಕ್ಕೆ ಹೋದಾಗ ತಂದ ಕ್ಯಾಲೆಂಡರ್ ಅದು, ಮೇಲೆ ಗಣಪತಿಯ ಚಿತ್ರ. ಯಾರೂ ಬರೆ ಎಂದು ಹೇಳಿರಲಿಲ್ಲ. ನಾಳೆ ಎಷ್ಟು ಹಾಲು ಇಳಿಸಬೇಕೆಂದು ತಿಳಿಯಲಿಕ್ಕೆ ಶುರು ಮಾಡಿದ್ದು, ರೂಢಿಯಾಗಿ ಉಳಿಯಿತು.

ಇನ್ನೊಂದು ರೂಢಿ ತಾಯಿಯಿಂದ ಬಂದದ್ದು. ಬಡಿಸುವ ಮೊದಲು ಒಂದು ತಟ್ಟೆ ಮೀಸಲು ತೆಗೆಯಬೇಕು. ಹೇಳದೆ ಬರುವವರು ಯಾರಾದರೂ ಬಂದಾರು, ಅವರ ಪಾಲು ಅದು. "ಮೀಸಲನ್ನ ಎಣಿಸಬಾರದವ್ವ. ಎಣಿಸಿದ್ರ ಅದು ನಮ್ಮದಾಗಿಬಿಡತೈತಿ" ಎನ್ನುತ್ತಿದ್ದಳು ತಾಯಿ. ರುದ್ರಮ್ಮ ಮೊದಲ ತಟ್ಟೆಯನ್ನು ತುಂಬಿ, ಮೇಲೊಂದು ಕಾಗದ ಮುಚ್ಚಿ, ಕ್ಯಾಲೆಂಡರಿನ ಕೆಳಗಿನ ಕಟ್ಟೆಯ ಮೇಲೆ ಇಡುವಳು. ಅದಕ್ಕೆ ಗೀಟು ಇಲ್ಲ.

ಅಡುಗೆಮನೆಯ ಹಿರಿಯಳು ಲೊರೆಟಾ. ಎತ್ತರದ ಕರಿಯ ಹೆಂಗಸು, ಆ ಶಾಲೆಯಲ್ಲೇ ಓದಿದವಳು. ಆಕೆ ಇಂಗ್ಲಿಷಿನಲ್ಲಿ ಆಡಿದ್ದು ರುದ್ರಮ್ಮನ ಕಿವಿಗೆ ರಾಣೆಬೆನ್ನೂರಿನ ಮಾತಾಗಿಯೇ ಇಳಿಯುತ್ತಿತ್ತು. ಶಾಲೆಯವರ ಬಾಯಲ್ಲಿ ರುದ್ರಮ್ಮನ ಹೆಸರು ರೂಡಿ.

"ಏನ ರೂಡಿ, ನಿಮ್ಮ ಆನೀಮಾರಿ ದೇವರು ಇವತ್ತೂ ಪಿಜ್ಜಾನ ತಿಂತಾನೇನು?"

"ಅವಗ ಅಲ್ಲ, ಬರೋರಿಗೆ."

"ಬರೋರು ಯಾರು?"

"ಗೊತ್ತಿದ್ರ ಕರೀತಿದ್ದಿಲ್ಲೇನು?"

ಬರುವವರು ಯಾರಾದರೂ ಇದ್ದೇ ಇರುತ್ತಿದ್ದರು. ತಡವಾಗಿ ಬಂದ ಬಸ್ಸಿನ ಡ್ರೈವರ್, ಬಾಯ್ಲರ್ ರಿಪೇರಿಯವನು. ಶಾಲೆಯನ್ನು ಬೆಚ್ಚಗಿಡುವ ಆ ಬಾಯ್ಲರ್ ವಾರಕ್ಕೊಮ್ಮೆ ಕೆಡುತ್ತಿತ್ತು, ಆದ್ದರಿಂದ ತಟ್ಟೆ ಹಾಳಾಗುತ್ತಿರಲಿಲ್ಲ.

ಎರಡು ಸಾವಿರದ ಒಂಬತ್ತರಲ್ಲಿ ಊರಿಗೇ ಗ್ರಹಣ ಹಿಡಿದಂತಾಯಿತು. ಕಾರಿನ ಕಂಪನಿಗಳು ಜನರನ್ನು ಮನೆಗೆ ಕಳಿಸಿದವು. ರುದ್ರಮ್ಮನ ಬೀದಿಯಲ್ಲಿ ಹದಿನಾಲ್ಕು ಮನೆ. ಅದರಲ್ಲಿ ಆರಕ್ಕೆ ಹಲಗೆ ಬಡಿದರು. ಆ ಮನೆಗಳ ಮಕ್ಕಳು ಎಲ್ಲಿ ಹೋದವೋ, ಶಾಲೆಯ ಗೀಟುಗಳು ಕಮ್ಮಿಯಾದವು. ಸಾಲದ್ದಕ್ಕೆ ಅರ್ಧ ಮೈಲಿ ದೂರದಲ್ಲಿ, ಮುಚ್ಚಿದ್ದ ದಿನಸಿ ಅಂಗಡಿಯ ಕಟ್ಟಡದಲ್ಲಿ ಒಂದು ಅಕಾಡೆಮಿ ಬಂದಿತ್ತು. ಅದೂ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಯೇ, ಫೀ ಇಲ್ಲ. ಆದರೆ ನಡೆಸುವುದು ಒಂದು ಕಂಪನಿ. ಚಾರ್ಟರ್ ಶಾಲೆ ಎನ್ನುತ್ತಾರೆ. ಗಾಜಿನ ಬಾಗಿಲು, ಹೊಸ ಕಂಪ್ಯೂಟರು, ಮಕ್ಕಳಿಗೆಲ್ಲ ನೀಲಿ ಸ್ವೆಟರು.

ರುದ್ರಮ್ಮನ ಮಗ ಸ್ವರೂಪನಿಗೆ ಕೆಲಸ ಸಿಕ್ಕಿದ್ದು ಆ ಅಕಾಡೆಮಿಯಲ್ಲೇ. ಅವನು ಸ್ಟರ್ಲಿಂಗ್ ಹೈಟ್ಸಿನ ಪ್ಲಾಂಟಿನಲ್ಲಿ ಇಂಜಿನಿಯರ್ ಆಗಿದ್ದವನು. ಜನವರಿಯಲ್ಲಿ ಕೆಲಸ ಹೋಯಿತು. ಹೆಂಡತಿ ಶರಣ್ಯಾಗೆ ಶಿಕಾಗೋ ಕಡೆ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಅವಳು ಅಲ್ಲಿಗೆ ಹೋದಳು. ಇವನು ಬಾಡಿಗೆ ಮನೆ ಬಿಟ್ಟು ತಾಯಿಯ ಹತ್ತಿರ ಬಂದ. ಎಂಟು ತಿಂಗಳು ಅಪ್ಲೈ ಮಾಡಿ ಮಾಡಿ ಆಗಸ್ಟಿನಲ್ಲಿ ಅಕಾಡೆಮಿಯ ಆಫೀಸು ಸಿಕ್ಕಿತು. ಮಕ್ಕಳ ಹೆಸರು ಕಂಪ್ಯೂಟರಿಗೆ ಹಾಕುವುದು, ಬಂದವರ ಕಾಗದ ತೆಗೆದುಕೊಳ್ಳುವುದು, ಹೋದವರ ಕಾಗದ ಕಳಿಸುವುದು. ಶುಕ್ರವಾರ ಸಂಜೆ ಇನ್ನೂರ ಎಂಬತ್ತು ಮೈಲಿ ಡ್ರೈವ್ ಮಾಡಿ ಶಿಕಾಗೋಗೆ ಹೋಗುವನು, ಭಾನುವಾರ ತಿರುಗಿ ಬರುವನು.

"ಅವ್ವಾ, ನೀ ಸಿಟ್ಟಾಗಬ್ಯಾಡ" ಎಂದಿದ್ದ ಮೊದಲ ದಿನ. "ನಿಮ್ಮ ಶಾಲಿ ಮಕ್ಕಳನ್ನ ನಾವು ಕದ್ದಿಲ್ಲ. ತಾಯಂದಿರು ತಾವಾಗೇ ಲೈನ್ ಹಚ್ಚತಾರ."

"ನಾ ಯಾಕ ಸಿಟ್ಟಾಗಲಿ? ಅಲ್ಲಿ ಊಟಕ್ಕ ಏನು ಹಾಕತಾರ?"

"ಪ್ಯಾಕೆಟ್‌ನಾಗ ಬರತೈತಿ. ಸ್ಯಾಂಡ್‌ವಿಚ್."

"ತಣ್ಣಂದು?"

"ತಣ್ಣಂದು."

"ಹೂಂ" ಎಂದಳು ರುದ್ರಮ್ಮ. ಆ ಹೂಂ ಸ್ವರೂಪನಿಗೆ ಒಂದು ವಾರ ಚುಚ್ಚಿತು.

ಆ ರಾಜ್ಯದಲ್ಲಿ ಮಕ್ಕಳ ತಲೆ ಎಣಿಸುವ ದಿನ ಅಂತ ಒಂದಿದೆ. ಸೆಪ್ಟೆಂಬರ್ ತಿಂಗಳ ನಾಲ್ಕನೆಯ ಬುಧವಾರ. ಆ ದಿನ ಯಾವ ಮಗು ಯಾವ ಶಾಲೆಯ ಬೆಂಚಿನ ಮೇಲಿದೆಯೋ, ವರ್ಷದ ಹೆಚ್ಚಿನ ದುಡ್ಡು ಆ ಶಾಲೆಗೆ. ಅದಕ್ಕೇ ಆ ದಿನ ಎಲ್ಲ ಶಾಲೆಗಳೂ ಬೀಗರು ಬಂದ ಹಾಗೆ ಮಾಡುತ್ತವೆ. ಮಾರ್ಸ್ಟನ್‌ನಲ್ಲಿ ಪಿಜ್ಜಾ, ಐಸ್‌ಕ್ರೀಮ್. ಅಕಾಡೆಮಿಯಲ್ಲಿ ಚೀಟಿ ಎತ್ತಿ ಎರಡು ಸೈಕಲ್. ಆ ಬುಧವಾರ ರುದ್ರಮ್ಮ ಗಣಪತಿಯ ಕೆಳಗೆ ಬರೆದ ಅಂಕಿ ೨೨೮. ಪ್ರಿನ್ಸಿಪಾಲರ ಕಂಪ್ಯೂಟರಿನಲ್ಲೂ ಅಷ್ಟೇ.

ಆಮೇಲೆ ಅಂಕಿ ಏರತೊಡಗಿತು.

ಅಕ್ಟೋಬರ್ ಆರು, ಮಂಗಳವಾರ, ಅವಳಿ ಹುಡುಗರು ಬಂದರು. ಮರುವಾರ ಕೈಗೆ ಪಟ್ಟಿ ಕಟ್ಟಿದ ಒಬ್ಬಳು. ನವೆಂಬರ್ ಶುರುವಿನಲ್ಲಿ ಒಂದೇ ಮನೆಯ ಮೂವರು. ಆಮೇಲೆ ಇನ್ನೂ ಐವರು. ಎಲ್ಲ ಅಕಾಡೆಮಿಯಿಂದ ತಿರುಗಿ ಬಂದವರು. ಒಬ್ಬನನ್ನು ಮೂರು ಸಲ ಸ್ವೆಟರ್ ಇಲ್ಲದೆ ಬಂದದ್ದಕ್ಕೆ ಮನೆಗೆ ಕಳಿಸಿದ್ದರಂತೆ. ಒಬ್ಬಳ ತಾಯಿಗೆ, ನಿಮ್ಮ ಮಗುವಿಗೆ ನಮ್ಮ ಶಾಲೆ ಹೊಂದುವುದಿಲ್ಲ ಎಂದು ಬಹಳ ನಯವಾಗಿ ಹೇಳಿದ್ದರಂತೆ. ತಾಯಂದಿರು ಕೈಹಿಡಿದು ಕರೆತಂದರು, ಗುಮಾಸ್ತೆ ಒಂದು ಹಾಳೆಯಲ್ಲಿ ಹೆಸರು ಬರೆದುಕೊಂಡಳು. ಆದರೆ ಅಕಾಡೆಮಿಯಿಂದ ಕಾಗದ ಬರುವ ತನಕ ಕಂಪ್ಯೂಟರಿಗೆ ಹಾಕುವಂತಿಲ್ಲ. ಊಟದ ಸಾಲಿನಲ್ಲಿ ಮಕ್ಕಳು ತಮ್ಮ ನಂಬರು ಒತ್ತುವ ಒಂದು ಯಂತ್ರವಿತ್ತು. ಈ ಮಕ್ಕಳಿಗೆ ನಂಬರಿಲ್ಲ. "ಯಂತ್ರಕ್ಕ ಕಣ್ಣಿಲ್ಲ, ನನಗೈತಿ, ಮುಂದ ನಡೀರಿ" ಎಂದು ಲೊರೆಟಾ ಸೌಟಿನಿಂದಲೇ ದಾರಿ ತೋರಿಸುವಳು. ರುದ್ರಮ್ಮ ಗೀಟು ಹಾಕುವಳು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ, ನವೆಂಬರ್ ಕೊನೆಗೆ, ಅಂಕಿ ೨೩೯ಕ್ಕೆ ಬಂದು ನಿಂತಿತು. ಹನ್ನೊಂದು ಮಕ್ಕಳು ಬಂದವು, ಅವುಗಳ ಹಿಂದೆ ಒಂದು ಕಾಸೂ ಬರಲಿಲ್ಲ. ತಲೆ ಎಣಿಸಿದ ದಿನ ಅವು ಇನ್ನೊಂದು ಬೆಂಚಿನ ಮೇಲಿದ್ದವಲ್ಲ.

ಹಬ್ಬ ಮುಗಿದ ಸೋಮವಾರ ಮಧ್ಯಾಹ್ನ, ಎಲ್ಲ ಉಂಡು ಹೋದ ಮೇಲೆ, ಅಡುಗೆಮನೆಯ ಬಾಗಿಲಲ್ಲಿ ಒಂದು ಹುಡುಗಿ ನಿಂತಿತ್ತು. ಎಂಟೋ ಒಂಬತ್ತೋ ವಯಸ್ಸು. ಟಮೀಕಾ ಎಂದು ಹೆಸರು ಹೇಳಿತು. ಮುಂದೆ ಮಾತಾಡಲಿಲ್ಲ. ರುದ್ರಮ್ಮ ಮೀಸಲು ತಟ್ಟೆ ಕೊಟ್ಟಳು. ಮರುದಿನವೂ ಬಂತು, ಅದರ ಮರುದಿನವೂ. ಮೂರನೆಯ ಕ್ಲಾಸಿನ ಟೀಚರು ಹಿಂದಿನ ಬೆಂಚಿನಲ್ಲಿ ಕೂರಲು ಬಿಟ್ಟಿದ್ದರು, ಸಾಲಿನಲ್ಲಿ ನಿಲ್ಲಲು ಮಾತ್ರ ಅದಕ್ಕೆ ನಾಚಿಕೆ. ಹಾಲಿನ ಪೆಟ್ಟಿಗೆ ಬೋರಲು ಹಾಕಿ ಕೂತು, ಮೊದಲು ಪೀಚ್ ಹಣ್ಣಿನ ಹೋಳು ತಿಂದು, ಆಮೇಲೆ ಉಳಿದದ್ದು ಉಣ್ಣುವುದು. ಹರಿದ ಕೋಟಿನ ಒಳಗೆ ನೀಲಿ ಸ್ವೆಟರು.

ಜನವರಿಯಲ್ಲಿ ಪಟ್ಟಣದ ಶಿಕ್ಷಣ ಆಫೀಸಿನಿಂದ ಕಾಗದ ಬಂತು. ಇನ್ನೂರ ನಲವತ್ತಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಜೂನ್‌ಗೆ ಮುಚ್ಚುತ್ತಾರೆ. ಫೆಬ್ರವರಿ ಆರು, ಶನಿವಾರ ಬೆಳಿಗ್ಗೆ, ಶಾಲೆಯಲ್ಲೇ ಸಭೆ. ಹೇಳುವುದೇನಿದ್ದರೂ ಅಲ್ಲಿ ಹೇಳಬೇಕು, ಒಬ್ಬರಿಗೆ ಮೂರು ನಿಮಿಷ.

ಪ್ರಿನ್ಸಿಪಾಲ್ ವಿಟ್‌ಫೀಲ್ಡ್ ಮೇಡಂ ಅಡುಗೆಮನೆಗೆ ಬಂದು ಕ್ಯಾಲೆಂಡರಿನ ಮುಂದೆ ಬಹಳ ಹೊತ್ತು ನಿಂತರು.

"ಇದೇನು ಬರೆದಿರೋದು, ಮಿಸ್ ರೂಡಿ?"

"ಮಕ್ಕಳು."

"ದಿನಾ?"

"ದಿನಾ."

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ನನ್ನ ಕಂಪ್ಯೂಟರ್ ಇನ್ನೂರ ಇಪ್ಪತ್ತೆಂಟು ಅನ್ನುತ್ತೆ. ನಿಮ್ಮ ಗೋಡೆ ಎಷ್ಟು ಅನ್ನುತ್ತೋ ಅದನ್ನ ಶನಿವಾರ ಬಂದು ಹೇಳ್ತೀರಾ?"

ರುದ್ರಮ್ಮ ಆಗಲೆಂದು ತಲೆ ಆಡಿಸಿದಳು. ಶಾಲೆ ಮುಚ್ಚಿದರೆ ತನ್ನ ಕೆಲಸವೂ ಅಲ್ಲಿಗೆ ಮುಗಿಯಿತು ಎಂಬುದು ಆಕೆಗೆ ಗೊತ್ತಿತ್ತು. ಅರವತ್ತನಾಲ್ಕು ವರ್ಷದವಳನ್ನು ಇನ್ನು ಯಾರು ಕರೆಯುತ್ತಾರೆ? ಹಸಿರು ಬಾಗಿಲು ಒಮ್ಮೆ ಮುಚ್ಚಿದರೆ ಮುಚ್ಚಿದ್ದೇ.

ಭಾನುವಾರ ಟ್ರಾಯ್ ದೇವಸ್ಥಾನದಲ್ಲಿ ಮೈಸೂರಿನ ಪದ್ಮ ಸಿಕ್ಕಳು. ಡಾಕ್ಟರ ಹೆಂಡತಿ, ಒಳ್ಳೆಯ ಮನಸ್ಸಿನವಳು, ಬಾಯಿ ಮಾತ್ರ ಸುಮ್ಮನಿರದು.

"ಅಲ್ಲಾ ರುದ್ರಮ್ಮನೋರೇ, ಮುಚ್ಲಿ ಬಿಡಿ. ಪೇಪರ್‌ನಲ್ಲಿ ಓದ್ದೆ, ಆ ಸ್ಕೂಲ್‌ಗಳಲ್ಲಿ ಅರ್ಧಕ್ಕರ್ಧ ಮಕ್ಕಳಿಗೆ ಓದಕ್ಕೇ ಬರಲ್ವಂತೆ. ಚಾರ್ಟರ್ ಆದ್ರೆ ಕಾಂಪಿಟಿಷನ್ ಇರುತ್ತೆ, ಅಲ್ವಾ?"

"ನಿಮ್ಮ ಮೊಮ್ಮಗಳು ಯಾವ ಶಾಲಿಗೆ ಹೋಗತಾಳ್ರೀ?"

"ಧೃತೀನಾ? ನಮ್ಮ ಲೇಔಟ್ ಪಕ್ಕದ್ದೇ, ಪಬ್ಲಿಕ್ ಸ್ಕೂಲು, ಸರ್ಕಾರದ್ದೇ. ತುಂಬಾ ಚೆನ್ನಾಗಿದೆ."

"ಹೌದ್ರಿ? ಅಲ್ಲಿ ಬಾಯ್ಲರ್ ಕೆಡತೈತೇನ್ರಿ?"

"ಛೆ ಛೆ, ಇಲ್ಲಪ್ಪ" ಎಂದಳು ಪದ್ಮ. ಆಮೇಲೆ ಏನೋ ಯೋಚನೆ ಬಂದವಳಂತೆ ರುದ್ರಮ್ಮನ ಕೈಗೆ ಇನ್ನೊಂದು ಹಿಡಿ ಪ್ರಸಾದ ಹಾಕಿಸಿದಳು.

ಬುಧವಾರ ಸಂಜೆ ರುದ್ರಮ್ಮ ರೊಟ್ಟಿ ಬಡಿಯುತ್ತಿದ್ದಾಗ ಸ್ವರೂಪ ಕೋಟು ಬಿಚ್ಚದೆಯೇ ಅಡುಗೆಮನೆಗೆ ಬಂದ.

"ಅವ್ವಾ, ಶನಿವಾರ ನೀ ಮಾತಾಡ್ತೀಯಂತ?"

"ಕರದಾರ."

"ಹೋಗಬ್ಯಾಡ."

ರುದ್ರಮ್ಮ ರೊಟ್ಟಿ ತಿರುವಿ ಹಾಕಿದಳು. ಸ್ವರೂಪ ಕುರ್ಚಿ ಎಳೆದು ಕೂತ.

"ಆ ಮಕ್ಕಳ ಪೇಪರ್ ನನ್ನ ಟೇಬಲ್ ಮ್ಯಾಲೆ ಅದಾವ. ಫೆಬ್ರವರಿಯಾಗ ಇನ್ನೊಂದು ಸಣ್ಣ ಎಣಿಕೆ ಬರತೈತಿ, ಅದು ಮುಗಿಯೂ ಮಟ ಅವು ನಮ್ಮ ಲೆಕ್ಕದಾಗ ಇರಲಿ, ಕಳಿಸಬ್ಯಾಡ ಅಂದಾರ. ನಾಳೆ ಯಾರರ ಕೇಳಿದ್ರ ನನ್ನ ಕೆಲಸ ಹೋಗತೈತಿ. ಮತ್ತ ಎಂಟು ತಿಂಗಳು ಮನ್ಯಾಗ ಕುಂದರಲೇನು?"

"ಅಲ್ಲಿ ಕಲಿಸೋದು ಚಲೋ ಇಲ್ಲೇನು?"

"ಅದ ಅಲ್ಲ ತ್ರಾಸು? ಚಲೋ ಐತಿ ಅವ್ವಾ. ಒಂದನೇ ಕ್ಲಾಸಿನ ಟೀಚರ್ ನೋಡಬೇಕು ನೀ, ಏಳು ತಾಸು ನಿಂತು ಕಲಸತಾಳ. ಆಕಿ ಮಾಡೋದ ಬ್ಯಾರೆ, ಆಫೀಸಿನಾಗ ನಡೆಯೋದ ಬ್ಯಾರೆ."

"ಎಷ್ಟು ಪೇಪರ್ ಅದಾವ?"

"ಹೇಳಬಾರದು." ಕೋಟಿನ ಗುಂಡಿ ಬಿಚ್ಚುತ್ತ ಅವನೇ ಹೇಳಿದ, "ಹನ್ನೆರಡು."

ರುದ್ರಮ್ಮನ ಕೈ ನಿಂತಿತು. "ಹನ್ನೊಂದು."

"ಹನ್ನೆರಡು, ಅವ್ವಾ. ನಿನ್ನೆ ಸುದ್ದಾ ಎಣಿಸೀನಿ."

"ನನ್ನ ಕ್ಯಾಲೆಂಡರಿನಾಗ ಹನ್ನೊಂದು ಐತಿ."

"ಹಂಗಾದ್ರ ನಿನ್ನ ಕ್ಯಾಲೆಂಡರ್ ತಪ್ಪು."

ಹೋಗುವೆನೆಂದೂ ಆಕೆ ಹೇಳಲಿಲ್ಲ, ಬಿಡುವೆನೆಂದೂ ಹೇಳಲಿಲ್ಲ. ಎರಡು ರೊಟ್ಟಿ ಹೊತ್ತಿದವು. ಮಗನ ಕೆಲಸದ ಚಿಂತೆ ಒಂದು ಕಡೆ, ಶಾಲೆಯ ಚಿಂತೆ ಒಂದು ಕಡೆ. ಈ ಎರಡರ ನಡುವೆ ಹನ್ನೆರಡನೆಯ ಮಗು ಎಲ್ಲಿ ಎಂಬ ಚಿಂತೆ ಹಲ್ಲಿನ ಸಂದಿಯ ನಾರಿನ ಹಾಗೆ ಕೂತುಬಿಟ್ಟಿತು. ಅವಳಿ ಎರಡು. ಕೈಗೆ ಪಟ್ಟಿ ಕಟ್ಟಿದವಳು ಮೂರು. ಒಂದೇ ಮನೆಯ ಮೂವರು, ಆರು. ಸ್ವೆಟರ್ ಇಲ್ಲದವನು ಏಳು. ಹೊಂದುವುದಿಲ್ಲ ಎನ್ನಿಸಿಕೊಂಡವಳು ಎಂಟು. ತೊದಲುವ ಹುಡುಗ, ಅವನ ತಂಗಿ, ಹತ್ತು. ಹಲ್ಲಿಗೆ ತಂತಿ ಹಾಕಿದವಳು ಹನ್ನೊಂದು. ಎಷ್ಟು ಸಲ ಮಡಚಿದರೂ ಒಂದು ಬೆರಳು ಮೇಲೆಯೇ ಉಳಿಯಿತು. ಆ ಒಂದು ಊರು ಬಿಟ್ಟು ಹೋದವರ ಮಗುವಿರಬೇಕು ಎಂದು ಸಮಾಧಾನ ಮಾಡಿಕೊಂಡಳು. ಸಮಾಧಾನ ಆಗಲಿಲ್ಲ.

ಗುರುವಾರ ಮಧ್ಯಾಹ್ನ ಕಡೆಯ ಸಾಲು ಹೋಯಿತು. ರಟ್ಟಿನ ಮೇಲಿನ ಗೀಟು, ಸೊನ್ನೆ ಕೂಡಿಸಿ ಆಕೆ ಗೋಡೆಯ ಮೇಲೆ ೨೩೯ ಎಂದು ಬರೆಯುತ್ತಿದ್ದಳು. ಕೆಳಗೆ ಹಾಲಿನ ಪೆಟ್ಟಿಗೆಯ ಮೇಲೆ ಟಮೀಕಾ ಕೂತು ಪೀಚ್ ತಿನ್ನುತ್ತಿತ್ತು. ಒಲೆಯ ಶೆಕೆಗೆ ಕೋಟು ಬಿಚ್ಚಿ ಪಕ್ಕಕ್ಕಿಟ್ಟಿತ್ತು. ರುದ್ರಮ್ಮ ಅಂಕಿ ನೋಡಿದಳು, ನೀಲಿ ಸ್ವೆಟರ್ ನೋಡಿದಳು. ಪೆನ್ಸಿಲ್ ಕೆಳಗಿಟ್ಟಳು.

"ಲೊರೆಟಾ, ಈ ಕೂಸಿಗೆ ನಾನು ಗೀಟು ಹಾಕೇ ಇಲ್ಲ."

"ಯಾಕ?"

"ಇದು ಮೀಸಲು ತಟ್ಟಿ ಉಣ್ಣತೈತಿ."

"ಅಂದ್ರ ಎರಡು ತಿಂಗಳಿಂದ ದಿನಾ ಉಣ್ಣಕ್ಕ ಹಾಕೀದಿ, ಎಣಿಸಿಲ್ಲ?" ಲೊರೆಟಾ ಸೊಂಟದ ಮೇಲೆ ಕೈಯಿಟ್ಟಳು. "ನಿಮ್ಮವ್ವ ಭಾಳ ಚಲೋ ಬುದ್ಧಿ ಹೇಳಿದಳಲ್ಲ ನಿನಗ!"

ಲೊರೆಟಾ ಟಮೀಕಾಳ ಪಕ್ಕ ಇನ್ನೊಂದು ಪೆಟ್ಟಿಗೆ ಹಾಕಿ ಕೂತು ಕೇಳಿದಳು. ಮನೆ ಬ್ಯಾಂಕಿನವರ ಪಾಲಾಗಿ ತಾಯಿ ಮಗಳು ಚಿಕ್ಕಮ್ಮನ ಮನೆಯಲ್ಲಿದ್ದರು. ತಾಯಿಗೆ ಹೋಟೆಲಿನಲ್ಲಿ ಹಾಸಿಗೆ ಹಾಸುವ ಕೆಲಸ, ಬೆಳಿಗ್ಗೆ ಐದಕ್ಕೆ ಹೊರಡಬೇಕು. ಅಕಾಡೆಮಿಯವರು ಹತ್ತು ದಿನ ತಡವಾಗಿ ಬಂದೆ ಎಂದು ಬೇಡವೆಂದರು. ಟಮೀಕಾ ಯಾರಿಗೂ ಹೇಳದೆ ತಾನೇ ನಡೆದು, ಹಳೆಯ ಶಾಲೆಗೆ ಬಂದು ಕೂತಿತ್ತು. ಕರೆತಂದವರಿಲ್ಲದ್ದರಿಂದ ಗುಮಾಸ್ತೆಯ ಹಾಳೆಯಲ್ಲೂ ಹೆಸರಿರಲಿಲ್ಲ.

ಶನಿವಾರ ಸೊನ್ನೆಗಿಂತ ಹನ್ನೊಂದು ಡಿಗ್ರಿ ಕೆಳಗಿನ ಚಳಿ, ಮೊಣಕಾಲು ಮಟ್ಟ ಹಿಮ. ಕರೆದೊಯ್ಯಲು ಬರುತ್ತೇನೆ ಎಂದಿದ್ದ ಲೊರೆಟಾ, ಕಾರು ಶುರುವಾಗುತ್ತಿಲ್ಲ ಎಂದು ಫೋನ್ ಮಾಡಿದಳು. ರುದ್ರಮ್ಮ ಹಿಂದಿನ ದಿನ ಶಾಲೆಯಿಂದ ಬಿಚ್ಚಿ ತಂದಿದ್ದ ಕ್ಯಾಲೆಂಡರಿನ ಹಾಳೆಗಳನ್ನು ಸುರುಳಿ ಸುತ್ತಿ, ರೊಟ್ಟಿ ಕಟ್ಟುವ ಬಟ್ಟೆಯಲ್ಲಿ ಕಟ್ಟಿಕೊಂಡು, ನಡೆಯುವ ಬೂಟು ಹಾಕಿಕೊಳ್ಳುತ್ತಿದ್ದಳು. ಆ ವಾರ ಸ್ವರೂಪ ಶಿಕಾಗೋಗೆ ಹೋಗಿರಲಿಲ್ಲ, ರಸ್ತೆ ಕೆಟ್ಟಿತ್ತು. ನೋಡುತ್ತ ನಿಂತಿದ್ದವನು ಕಾರಿನ ಬೀಗದಕೈ ತೆಗೆದ.

"ಬಿದ್ದು ಕಾಲು ಮುರಕೊಂಡಿ. ನಾ ಬಿಡತೀನಿ. ಒಳಗ ಬರಂಗಿಲ್ಲ."

"ಬರಬ್ಯಾಡ. ಕಾರಿನಾಗ ಕೂಡು."

ಕಾರಿನಲ್ಲಿ ಅವನಿಗೆ ಹತ್ತು ನಿಮಿಷ ಕೂರಲಾಗಲಿಲ್ಲ. ಬಂದು, ಸಭೆ ಸೇರಿದ್ದ ಜಿಮ್ಮಿನ, ಅಂದರೆ ಶಾಲೆಯ ಆಟದ ಹಾಲಿನ, ಹಿಂದಿನ ಗೋಡೆಗೆ ಒರಗಿ ನಿಂತ. ನೂರೈವತ್ತು ಜನ ಇದ್ದರು. ಮುಂದೆ ಮೇಜಿಗೆ ಪಟ್ಟಣದ ಆಫೀಸಿನವನು, ಟೈ ಕಟ್ಟಿದವನು, ಶಾಂತ ಮುಖದವನು. ಒಬ್ಬ ತಂದೆ ಎದ್ದು, ನನ್ನ ಮಗಳು ಇಲ್ಲಿ ಮೂರು ವರ್ಷ ಕೂತರೂ ಓದು ಬರಲಿಲ್ಲ, ಅಕಾಡೆಮಿಗೆ ಹೋದ ಒಂದೇ ವರ್ಷದಲ್ಲಿ ನನಗೇ ಪತ್ರಿಕೆ ಓದಿ ಹೇಳುತ್ತಾಳೆ, ಇದನ್ನು ಉಳಿಸಿ ಅದನ್ನು ತೆಗೆಯಬೇಡಿ ಎಂದ. ಕೆಲವರು ಕೂಗಿದರು. ರುದ್ರಮ್ಮ ಕೂಗಲಿಲ್ಲ. ಆ ಹುಡುಗಿ ಆಕೆಗೆ ನೆನಪಿತ್ತು. ಆ ತಂದೆ ಸುಳ್ಳು ಹೇಳುವವನಲ್ಲ ಎನಿಸಿತು.

ಆಕೆಯ ಸರದಿ ಬಂತು. ಮೇಜಿನ ಮೇಲೆ ಹಾಳೆಗಳನ್ನು ಬಿಚ್ಚಿ ಹರವಿದಳು. ಆಫೀಸಿನವನು ಬಗ್ಗಿ ನೋಡಿದ, ತಲೆ ಓರೆ ಮಾಡಿ ನೋಡಿದ.

"ಇದನ್ನ ಇಲ್ಲಿ ಯಾರಾದರೂ ಓದಬಲ್ಲರಾ?"

ವಿಟ್‌ಫೀಲ್ಡ್ ಮೇಡಂಗೂ ಅದು ಓದಲು ಬರುತ್ತಿರಲಿಲ್ಲ. ಕನ್ನಡ ಅಂಕಿ. ಆ ಜಿಮ್ಮಿನಲ್ಲಿ ಅದನ್ನು ಓದಬಲ್ಲವನು ಇನ್ನೊಬ್ಬನೇ ಇದ್ದ, ಅವನು ಗೋಡೆಗೆ ಒರಗಿದ್ದ. ರುದ್ರಮ್ಮ ಹಿಂದೆ ತಿರುಗಿ ನೋಡಲಿಲ್ಲ. ನೋಡಿದರೆ ಕರೆದಂತಾಗುತ್ತದೆ ಎಂದು ಮುಂದೆಯೇ ನೋಡುತ್ತ ನಿಂತಳು. ಹೆಜ್ಜೆಯ ಸದ್ದು ಕೇಳಿತು. ಸ್ವರೂಪ ಬಂದು ಪಕ್ಕದಲ್ಲಿ ನಿಂತ.

"ಹೇಳು ಅವ್ವಾ" ಎಂದ ಸಣ್ಣಗೆ.

ಆಕೆ ದಿನಗಳ ಮೇಲೆ ಬೆರಳಿಡುತ್ತ ಹೋದಳು, ಅವನು ಇಂಗ್ಲಿಷಿನಲ್ಲಿ ಹೇಳುತ್ತ ಹೋದ. ಸೆಪ್ಟೆಂಬರ್ ಇಪ್ಪತ್ತಮೂರು, ಇನ್ನೂರ ಇಪ್ಪತ್ತೆಂಟು. ಅಕ್ಟೋಬರ್ ಆರು, ಇನ್ನೂರ ಮೂವತ್ತು. ನವೆಂಬರ್ ಕೊನೆಗೆ ಇನ್ನೂರ ಮೂವತ್ತೊಂಬತ್ತು. ಇಂಗ್ಲಿಷ್ ಅಂಕಿ ಆಕೆಯ ಕಿವಿಗೆ ಚೆನ್ನಾಗಿ ಬರುತ್ತಿತ್ತು. ಮಗ ಒಂದನ್ನೂ ಹೆಚ್ಚು ಕಮ್ಮಿ ಮಾಡಲಿಲ್ಲ.

"ಎರಡು ಸಲ ತಟ್ಟೆ ತೆಗೆದುಕೊಂಡವರೂ ಇದರಲ್ಲಿ ಸೇರಿರಬಹುದಲ್ಲ?" ಎಂದ ಆಫೀಸಿನವನು.

"ಎರಡು ಸಲ ಉಂಡ್ರೂ ಗೀಟು ಒಂದ. ನಾ ತಟ್ಟಿ ನೋಡಿ ಹಾಕಂಗಿಲ್ಲ, ಮಾರಿ ನೋಡಿ ಹಾಕತೀನಿ ಅನ್ನು."

ಸ್ವರೂಪ ಹೇಳಿದ. ಜನ ನಕ್ಕರು. ಆಫೀಸಿನವನೂ ಸ್ವಲ್ಪ ನಕ್ಕ.

"ಆದರೆ ಇದು ಇನ್ನೂರ ಮೂವತ್ತೊಂಬತ್ತೇ ಆಯಿತು. ನಲವತ್ತು ಬೇಕಲ್ಲ."

"ಒಂದು ನನ್ನ ತಪ್ಪು" ಎಂದಳು ರುದ್ರಮ್ಮ. "ಒಂದು ಕೂಸು ಮೀಸಲು ತಟ್ಟಿ ಉಣ್ಣತಿತ್ತು. ಮೀಸಲನ್ನ ನಾವು ಎಣಿಸಂಗಿಲ್ಲ. ಅದಕ್ಕ ಅದು ಗೋಡಿ ಮ್ಯಾಲೆ ಬರಲಿಲ್ಲ. ನವೆಂಬರ್ ಮೂವತ್ತರಿಂದ ಐತಿ. ತಟ್ಟಿ ದೇವರದಿತ್ತು, ಕೂಸು ಶಾಲಿದಿತ್ತು. ನಾ ಎರಡನ್ನೂ ಎಣಿಸದ ಬಿಟ್ಟೀನಿ, ತಪ್ಪಾಗೇತಿ."

ಸ್ವರೂಪ ಆಕೆಯ ಮುಖ ನೋಡಿದ. ಹನ್ನೆರಡನೆಯದು. ಅವನು ಹೇಳಿದ ಅಂಕಿಯನ್ನು ಆಕೆ ಎತ್ತಿರಲಿಲ್ಲ. ತನ್ನ ಅಡುಗೆಮನೆಯಲ್ಲೇ ಹುಡುಕಿ ತಂದಿದ್ದಳು. ಅವನು ನಿಧಾನವಾಗಿ, ಒಂದೊಂದೇ ಮಾತು ಇಂಗ್ಲಿಷಿಗೆ ಹಾಕಿದ. ಮೀಸಲು ಎಂದರೇನು ಎಂದು ಹೇಳಲಿಕ್ಕೇ ಅವನಿಗೆ ಅರ್ಧ ನಿಮಿಷ ಹಿಡಿಯಿತು.

"ಸರಿ" ಎಂದ ಆಫೀಸಿನವನು. "ಆದರೆ ಹಿಂದಿನ ಶಾಲೆಯ ಕಾಗದ ಇಲ್ಲದೆ ನಾನು ಈ ಮಕ್ಕಳನ್ನು ಲೆಕ್ಕಕ್ಕೆ ಹಿಡಿಯಲಾರೆ. ಆ ಕಾಗದ ಎಲ್ಲಿವೆ ಅಂತ ಇವರಿಗೆ ಗೊತ್ತೇ? ಕೇಳಿ."

ಸ್ವರೂಪ ತಾಯಿಯ ಕಡೆ ತಿರುಗಿದ. ಕೇಳಲೇಬೇಕಿತ್ತು, ಕೇಳಿದ. "ಪೇಪರ್ ಎಲ್ಲಿ ಅದಾವ ಅಂತ ನಿನಗ ಗೊತ್ತೇನು ಅಂತಾರ."

ರುದ್ರಮ್ಮನಿಗೆ ಗೊತ್ತಿತ್ತು. ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ, ಗೊತ್ತು ಎನ್ನಲು ಮನಸ್ಸು ಏಳಲಿಲ್ಲ.

"ಅದು ನಾ ಹೇಳೂ ಮಾತಲ್ಲಪಾ" ಎಂದಳು.

ಮೂರು ನಿಮಿಷ ಎಂದೋ ಮುಗಿದಿತ್ತು. ಯಾರೂ ಗಂಟೆ ಬಾರಿಸಲಿಲ್ಲ. ಸ್ವರೂಪ ಮೇಜಿನ ಮೇಲಿನ ಹಾಳೆಯ ಮಡಿಕೆ ಬಿಟ್ಟಿದ್ದನ್ನು ಅಂಗೈಯಿಂದ ಸಾಪು ಮಾಡಿದ. ಆಮೇಲೆ ತಲೆ ಎತ್ತಿ ಇಂಗ್ಲಿಷಿನಲ್ಲಿ ಹೇಳಿದ. ಅದು ಯಾರ ಮಾತನ್ನೂ ತಿರುಗಿಸಿ ಹೇಳಿದ್ದಲ್ಲ.

"ನನ್ನ ಮೇಜಿನ ಮೇಲಿವೆ. ಹನ್ನೆರಡು. ನಾನು ಅಕಾಡೆಮಿಯಲ್ಲಿ ಕೆಲಸ ಮಾಡುತ್ತೇನೆ. ಸೋಮವಾರ ಬೆಳಿಗ್ಗೆ ಕಳಿಸುತ್ತೇನೆ."

ಮನೆಗೆ ಹೋಗುವಾಗ ಸ್ವರೂಪ ಹಿಮದಲ್ಲಿ ಕಾರನ್ನು ನಿಧಾನವಾಗಿ ನಡೆಸಿದ. ಗ್ಯಾರೇಜಿನ ಹತ್ತಿರ ಬಂದಾಗ ರುದ್ರಮ್ಮ, "ರೊಟ್ಟಿ ಬಿಸಿ ಮಾಡಲೇನು?" ಎಂದಳು.

"ಮಾಡು" ಎಂದ ಅವನು. "ನಾಕು."

ಸೋಮವಾರ ಕಾಗದ ಬಂದವು, ಹನ್ನೆರಡೂ. ಬುಧವಾರದ ಸಣ್ಣ ಎಣಿಕೆಯ ಹೊತ್ತಿಗೆ ಟಮೀಕಾಗೆ ನಂಬರು ಸಿಕ್ಕಿತ್ತು. ಸಾಲಿನಲ್ಲಿ ನಿಂತು, ಬಹಳ ಜೋರಾಗಿ ಯಂತ್ರದ ಗುಂಡಿ ಒತ್ತಿತು. ಲೊರೆಟಾ, "ಮುರಿದೀಯ ಯವ್ವಾ, ಸಾವಕಾಶ" ಎಂದಳು. ರುದ್ರಮ್ಮ ಆ ದಿನ ಗೋಡೆಯ ಮೇಲೆ ೨೪೦ ಬರೆದಳು.

ಮಾರ್ಚಿನಲ್ಲಿ ಪಟ್ಟಿ ಬಂತು. ನಲವತ್ತು ಚಿಲ್ಲರೆ ಶಾಲೆಗಳ ಹೆಸರು, ಮಾರ್ಸ್ಟನ್ ಅದರಲ್ಲಿ ಇರಲಿಲ್ಲ. ಮುಂದಿನ ವರ್ಷ ಮತ್ತೆ ನೋಡುತ್ತೇವೆ ಎಂದು ಕೆಳಗೆ ಒಂದು ಸಾಲು ಬರೆದಿದ್ದರು. ಅಕಾಡೆಮಿಯವರು ಸ್ವರೂಪನನ್ನು ಕೂಡಲೇ ಏನೂ ಅನ್ನಲಿಲ್ಲ. ಜೂನ್‌ನಲ್ಲಿ ಅವನ ಒಪ್ಪಂದ ಮುಂದುವರಿಸಲಿಲ್ಲ, ಅಷ್ಟೇ. ಒಂದನೆಯ ಕ್ಲಾಸಿನ ಟೀಚರು ಕೈಕುಲುಕಿ ಕಳಿಸಿದಳಂತೆ. ಅವನು ಸಾಮಾನು ಕಟ್ಟಿಕೊಂಡು ಶರಣ್ಯಾಳ ಹತ್ತಿರ ಹೋದ. ಭಾನುವಾರ ಫೋನ್ ಮಾಡುತ್ತಾನೆ.

"ಇಲ್ಲೂ ಶಾಲಿ ಮುಚ್ಚತಾರಂತ ಅವ್ವಾ. ಇಲ್ಲೂ ಅದ ಜಗಳ."

"ಕೆಲಸ?"

"ಎರಡು ಕಡೆ ಕರದಾರ. ನೋಡಬೇಕು."

"ಉಂಡೀ?"

"ಉಂಡೆ."

ಸೆಪ್ಟೆಂಬರಿನಲ್ಲಿ ಶಾಲೆ ತೆರೆದಾಗ ರುದ್ರಮ್ಮ ಹಸಿರು ಬಾಗಿಲನ್ನು ಒಂದು ಬೆರಳಿನಿಂದ ನೂಕಿ ಒಳಗೆ ಹೋದಳು. ಮೊದಲ ತಟ್ಟೆ ತುಂಬಿ, ಕಾಗದ ಮುಚ್ಚಿ, ಕಟ್ಟೆಯ ಮೇಲಿಟ್ಟಳು. ತಾಯಿಯ ಮಾತು ಮುರಿಯಲು ಮನಸ್ಸಾಗಲಿಲ್ಲ, ಗೀಟು ಹಾಕಲಿಲ್ಲ. ಆದರೆ ಊಟ ಮುಗಿದ ಮೇಲೆ, ಆ ತಟ್ಟೆ ಯಾರು ಉಂಡರು ಎಂದು ಲೊರೆಟಾಳನ್ನು ಕೇಳಿದಳು. ಬಾಯ್ಲರ್ ರಿಪೇರಿಯವನು ಎಂದಳು ಲೊರೆಟಾ. ರುದ್ರಮ್ಮ ಆ ದಿನದ ಅಂಕಿಯ ಪಕ್ಕದಲ್ಲಿ, ಸ್ವಲ್ಪ ದೂರ ಬಿಟ್ಟು, ಪೆನ್ಸಿಲಿನಿಂದ ಒಂದು ಸಣ್ಣ ಚುಕ್ಕೆ ಇಟ್ಟಳು.